ಹತ್ತಿ ಬೀಜದ ಪಾಕೀಟಿನ ಬೆಲೆಯಲ್ಲಿ ಯಾರ ಪಾಲು ಎಷ್ಟು? ಹೊಸ ಬೀಜ ಮಸೂದೆ ಬಗ್ಗೆ ಡಿಸೆಂಬರ್ 11ರೊಳಗೆ ಏನಾದರೂ ಬರೆಯೋಣವೇ?

ಎರೆಹೊಲ (ಮಾನ್ವಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಓದಿಕೊಳ್ಳಿ. ಹತ್ತಿ ಬಿಡಿಸಲು ಆಳು ಸಿಗದೆ ಮನೆಯಲ್ಲೇ ಕೂತಿದ್ದೇನೆ.

ಮೊನ್ನೆ ಅವ್ವ ಅಟ್ಟದ ಮೇಲಿಂದ ಒಂದು ಡಬ್ಬಿ ಇಳಿಸಿದಳು. ಒಳಗೆ ಹೀರೆಬೀಜ ಇತ್ತು. ಅದನ್ನು ಕಟ್ಟಿಟ್ಟದ್ದು ಹಳೆಯ ಹತ್ತಿ ಬೀಜದ ಪಾಕೀಟಿನಲ್ಲಿ. 2016ರ ಮುಂಗಾರಿನದು, 450 ಗ್ರಾಂ, ಬೆಲೆ 800 ರೂಪಾಯಿ. ಈ ವರ್ಷದ, ಅಂದರೆ 2025ರ ಖಾಲಿ ಪಾಕೀಟು ಇನ್ನೂ ಕೊಟ್ಟಿಗೆಯ ಗಳುವಿನಲ್ಲಿ ಸಿಕ್ಕಿಸಿದ್ದೆ. ಅದರ ಮೇಲೆ 901. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಕಂಪನಿ ಹೆಸರಿದೆ, ಲಾಟ್ ನಂಬರ್ ಇದೆ, ವಿಷ ಲೇಪಿಸಿದೆ ತಿನ್ನಬೇಡಿ ಅಂತಿದೆ. ಆ ದುಡ್ಡಿನಲ್ಲಿ ಬೀಜಕ್ಕೆ ಎಷ್ಟು, ಹುಳ ತಡೆಯುವ ಗುಣ ಕಂಡುಹಿಡಿದವರಿಗೆ ಎಷ್ಟು ಅಂತ ಮಾತ್ರ ಎರಡರಲ್ಲೂ ಇಲ್ಲ.

2016ರಲ್ಲಿ ಆ 800ರಲ್ಲಿ 49 ರೂಪಾಯಿ ತಂತ್ರಜ್ಞಾನದ ಶುಲ್ಕ ಇತ್ತಂತೆ. ಹಿಂದಿನ ವರ್ಷ 160ರ ಮೇಲಿತ್ತಂತೆ. ನನ್ನದು 6 ಎಕರೆ, ಎಕರೆಗೆ ಎರಡು ಪಾಕೀಟು ಹಾಕುತ್ತೇನೆ. 2015ರಲ್ಲಿ ಸುಮಾರು 1,900 ರೂಪಾಯಿ ನಾನು ಯಾರಿಗೋ ಕೊಟ್ಟಿದ್ದೇನೆ, ನನಗೇ ಗೊತ್ತಿಲ್ಲದೆ. ಅದೇ ವರ್ಷ ಗುಲಾಬಿ ಹುಳ ಬಿದ್ದು ಕಾಯಿ ಒಡೆದರೆ ಒಳಗೆ ಹಳದಿ ಅರಳೆ. ಮರೆಯೋದುಂಟೇ?

ಈಗ ವಿಷಯಕ್ಕೆ ಬರುತ್ತೇನೆ. ಕೇಂದ್ರ ಕೃಷಿ ಸಚಿವಾಲಯ 2025ರ ಈ ನವೆಂಬರ್‌ನಲ್ಲಿ ಹೊಸ ಬೀಜ ಮಸೂದೆಯ ಕರಡು ಹೊರಡಿಸಿದೆ. ಡಿಸೆಂಬರ್ 11ರೊಳಗೆ ಅಭಿಪ್ರಾಯ ಕಳಿಸಬೇಕು. ನನಗೆ ವಾಟ್ಸಾಪ್‌ನಲ್ಲಿ ಬಂದದ್ದು ಇಂಗ್ಲಿಷ್ ಪಿಡಿಎಫ್. ನಾಲ್ಕು ಪುಟ ಓದಿ ತಲೆ ತಿರುಗಿತು. ಗೊತ್ತಿದ್ದವರು ಹೇಳಿ, ನಾವು ಬರೆಯೋದರಿಂದ ಏನಾದರೂ ಆಗುತ್ತಾ?

ಹೊಳೆದಂಡೆ (ದೇವದುರ್ಗ)

ಏನೂ ಆಗಲ್ಲ ಅಣ್ಣ. ಹೀರೆಬೀಜ ಬಿತ್ತು, ಸಾರಿಗಾದರೂ ಆಗುತ್ತದೆ.

ಬೀಜದಂಗಡಿ (ಸಿಂಧನೂರು)

ಯಜಮಾನ್ರೇ, ಎಲ್ಲರೂ ನಮ್ಮಂಥ ಅಂಗಡಿಯವರ ಮೇಲೆ ಹಾಯುತ್ತಾರೆ, ಅದಕ್ಕೆ ಮೊದಲು ಒಂದು ಮಾತು. ಗರಿಷ್ಠ ಬೆಲೆ ನಾವು ಹಾಕೋದಲ್ಲ, ದಿಲ್ಲಿಯಿಂದ ಬರುತ್ತದೆ. ಮಾರ್ಚ್ ತಿಂಗಳಲ್ಲಿ ಅಧಿಸೂಚನೆ. ನಮಗೆ ಗೊತ್ತಾಗೋದು ವಿತರಕರ ಮೆಸೇಜ್ ಬಂದಾಗ.

ಮುಂಗಾರು ಶುರುವಾದಾಗ ಅಂಗಡಿಯಲ್ಲಿ ನಡೆಯುವ ಮಾತು ಕೇಳಬೇಕು ನೀವು. "ಸಾವ್ಕಾರ್ರೇ, ಆ ಚಿತ್ರದ್ದೇ ಕೊಡಿ" ಅಂತಾರೆ. ಯಾವ ಜೀನ್, ಯಾರ ಪೇಟೆಂಟ್ ಅಂತ ಒಬ್ಬರೂ ಕೇಳಿಲ್ಲ, 22 ವರ್ಷದಲ್ಲಿ. ಆಗೆಲ್ಲ ಡಬ್ಬದ ಜೊತೆ 120 ಗ್ರಾಂನ ಸಣ್ಣ ಪೊಟ್ಟಣ ಬರುತ್ತಿತ್ತು, ಬಿಟಿ (ಹುಳ ತಡೆಯುವ ಜೀನ್ ಸೇರಿಸಿದ್ದು) ಅಲ್ಲದ ಬೀಜ. ಹೊಲದ ಸುತ್ತ ಬಿತ್ತಿ, ಹುಳಕ್ಕೆ ಅದು ಆಸರೆ, ಬಿಟಿ ಹುಳಕ್ಕೆ ಬೇಗ ಒಗ್ಗಲ್ಲ ಅಂತ. ಎಷ್ಟು ಜನ ಬಿತ್ತಿದಿರಿ, ನಿಜ ಹೇಳಿ? ಸಂಜೆ ಅಂಗಡಿ ಮುಂದೆ ಕಸ ಗುಡಿಸುವಾಗ ಅವೇ ಪೊಟ್ಟಣ ಸಿಗುತ್ತಿದ್ದವು. ಈಗ ಆ ಬೀಜವನ್ನು ಒಳಗೇ ಬೆರೆಸಿ 475 ಗ್ರಾಂ ಮಾಡಿದ್ದಾರೆ.

ಎರೆಹೊಲ (ಮಾನ್ವಿ)

ನಾನೂ ಬಿತ್ತಲಿಲ್ಲ. ಒಪ್ಪಿಕೊಂಡೆ.

ಕರಿಕೋಟು (ರಾಯಚೂರು)

ಕೋರ್ಟಿಗೆ ಇವತ್ತು ರಜೆ, ಹಾಗಾಗಿ ಸಾವಕಾಶ ಬರೆಯುತ್ತೇನೆ. ಇದು ಕಾನೂನಿನ ಕಥೆಗಿಂತ ಜಾಸ್ತಿ ದುಡ್ಡಿನ ಕಥೆ.

ಬಿಟಿ ಹತ್ತಿಗೆ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಮೊದಲ ತಂತ್ರಜ್ಞಾನ ಬೋಲ್‌ಗಾರ್ಡ್-1. ಅದಕ್ಕೆ ಭಾರತದಲ್ಲಿ ಪೇಟೆಂಟೇ ಇರಲಿಲ್ಲ, ಇದನ್ನು ಚೆನ್ನಾಗಿ ನೆನಪಿಡಿ. ಆದರೂ ಮಹೈಕೋ ಮಾನ್ಸಾಂಟೋ ಬಯೋಟೆಕ್ ಕಂಪನಿ ಬೀಜದ ಕಂಪನಿಗಳ ಜೊತೆ ಲೈಸೆನ್ಸ್ ಒಪ್ಪಂದ ಮಾಡಿಕೊಂಡು ಪಾಕೀಟಿಗೆ ಇಷ್ಟು ಅಂತ ವಸೂಲಿ ಮಾಡಿತು. 2005ರ ಹೊತ್ತಿಗೆ 450 ಗ್ರಾಂಗೆ ಬರೀ ಶುಲ್ಕವೇ 1,250 ರೂಪಾಯಿ. ಅಂದರೆ ಬೀಜಕ್ಕಿಂತ ಗುಣದ ಬಾಡಿಗೆಯೇ ಜಾಸ್ತಿ. ಇದು ಪೇಟೆಂಟ್ ಬಲ ಅಲ್ಲ, ಒಪ್ಪಂದದ ಬಲ. ಜೀನ್ ಅವರ ಕೈಯಲ್ಲಿ, ಬೇಕಾದವರು ಸಹಿ ಹಾಕಬೇಕು.

ಇದನ್ನು ಮೊದಲು ಪ್ರಶ್ನೆ ಮಾಡಿದ್ದು ಹೊಳೆಯಾಚೆಯವರು. 2006ರಲ್ಲಿ ಆಂಧ್ರ ಸರ್ಕಾರ ಏಕಸ್ವಾಮ್ಯ ತಡೆಯುವ ಆಯೋಗಕ್ಕೆ ಹೋಯಿತು, ಆಮೇಲೆ ಪಾಕೀಟು 750 ರೂಪಾಯಿ ದಾಟಬಾರದು ಅಂತ ಕಟ್ಟುಹಾಕಿತು. ಆಗ ನಾನು ಕಾಲೇಜಿನಲ್ಲಿದ್ದೆ. ನಮ್ಮ ಸೋದರಮಾವ ಆಗ ಆಂಧ್ರದಲ್ಲಿದ್ದ ಗದ್ವಾಲದ ಬೀಗರ ಮನೆಗೆ ಹೋಗಿ ಬರುವಾಗ ಚೀಲದ ತಳದಲ್ಲಿ ಪಾಕೀಟು ಇಟ್ಟುಕೊಂಡು ಬಂದಿದ್ದು ಕಣ್ಣಿಗೆ ಕಟ್ಟಿದಂತಿದೆ. ಬೀಗಿತ್ತಿ ಕೊಟ್ಟ ಸಜ್ಜಕದ ಡಬ್ಬಿ ಮೇಲೆ, ಬೀಜ ಕೆಳಗೆ.

ಬಿಜಿ-2, ಅಂದರೆ ಎರಡನೇ ಬೋಲ್‌ಗಾರ್ಡ್, ಬಂದಿದ್ದು ಅದೇ 2006ರಲ್ಲಿ. ಅದಕ್ಕೆ ಮಾತ್ರ ಪೇಟೆಂಟ್ ಇತ್ತು, 2008ರಲ್ಲಿ ಸಿಕ್ಕಿತು. ಲೆಕ್ಕ ಅರ್ಜಿ ಹಾಕಿದ ದಿನದಿಂದ 20 ವರ್ಷ, ಹಾಗಾಗಿ 2019ರ ನವೆಂಬರ್‌ಗೆ ಮುಗಿಯಿತು.

ನಡುವೆ 2015ರ ಡಿಸೆಂಬರ್‌ನಲ್ಲಿ ಕೇಂದ್ರವು ಅಗತ್ಯ ವಸ್ತುಗಳ ಕಾಯ್ದೆಯ ಕೆಳಗೆ ಹತ್ತಿ ಬೀಜ ಬೆಲೆ ನಿಯಂತ್ರಣ ಆದೇಶ ತಂದಿತು. ಎರೆಹೊಲ ಅಣ್ಣ ಹೇಳಿದ 800 ಮತ್ತು 49 ಅದರಿಂದಲೇ ಬಂದದ್ದು. ಮುಂದೆ 2018ರಲ್ಲಿ 740, ಅದರಲ್ಲಿ ಶುಲ್ಕ 39. 2019ರಲ್ಲಿ 730, ಶುಲ್ಕ 20. 2020ರಲ್ಲಿ ಶುಲ್ಕ ಸೊನ್ನೆ.

ಈಗ ಒಂದು ಪ್ರಶ್ನೆ. 2020ರಲ್ಲಿ ಪಾಕೀಟಿನ ಬೆಲೆ ಎಷ್ಟಾಯಿತು?

ಬೀಜದಂಗಡಿ (ಸಿಂಧನೂರು)

730. ನಾನೇ ಮಾರಿದ್ದೇನಲ್ಲ.

ಎರೆಹೊಲ (ಮಾನ್ವಿ)

ಅಂದ್ರೆ 20 ರೂಪಾಯಿ ಹೋಯಿತು, ಬೆಲೆ ಇಳಿಯಲಿಲ್ಲ!

ಕರಿಕೋಟು (ರಾಯಚೂರು)

ಅದೇ ನಾನು ಹೇಳೋಕೆ ಹೊರಟಿದ್ದು. ಬೀಜ ಕಂಪನಿಗಳಿಗೂ ಖರ್ಚು ಏರಿರಬಹುದು, ಕೂಲಿ ಜಾಸ್ತಿ ಆಗಿರಬಹುದು, ನ್ಯಾಯವೇ ಇರಬಹುದು. ಆದರೆ ಆ ಕಾರಣವನ್ನು ಬೆಲೆಯ ಜೊತೆ ನಮ್ಮ ಭಾಷೆಯಲ್ಲಿ ಬರೆದು ಅಂಗಡಿ ಗೋಡೆಗೆ ಹಚ್ಚಿದ್ದು ನಾನು ನೋಡಿಲ್ಲ. ಪೇಟೆಂಟ್ ಮುಗಿದ ಲಾಭ ಬಿತ್ತುವವನಿಗೆ ಬಂತೋ ಇಲ್ಲವೋ ಅಂತ ಕೇಳೋಕೆ ಅವನ ಕೈಯಲ್ಲಿ ಒಂದು ಚೀಟಿ ಬೇಡವಾ?

ಲ್ಯಾಬ್‌ನವ (ಬಳ್ಳಾರಿ, ಈಗ ಬೆಂಗಳೂರು)

ಸರ್, ನನ್ನದು ಸ್ವಲ್ಪ ಬೇರೆ ಮಾತು, ಬೈಯಬೇಡಿ. ನಾನು ಬೀಜದ ಸಂಶೋಧನೆಯಲ್ಲೇ ಕೆಲಸ ಮಾಡುತ್ತೇನೆ. ಒಂದು ಗುಣವನ್ನು ಗಿಡಕ್ಕೆ ಸೇರಿಸಿ, ಪರೀಕ್ಷೆ ಮಾಡಿ, ಒಪ್ಪಿಗೆ ಪಡೆದು ಹೊಲಕ್ಕೆ ತರುವಷ್ಟರಲ್ಲಿ ಹತ್ತು ಹನ್ನೆರಡು ವರ್ಷ ಹೋಗುತ್ತದೆ. ಪೇಟೆಂಟ್ 20 ವರ್ಷ ಅಂದರೂ ಮಾರೋಕೆ ಸಿಗೋದು ಅರ್ಧ. ಅಷ್ಟರಲ್ಲಿ ಸರ್ಕಾರ ಬಂದು ಶುಲ್ಕ ಮೂರನೇ ಒಂದು ಭಾಗಕ್ಕೆ ಇಳಿಸಿದರೆ ಯಾರು ದುಡ್ಡು ಹಾಕುತ್ತಾರೆ?

2016ರಲ್ಲೇ ನೋಡಿ. ಕಳೆನಾಶಕ ತಡೆಯುವ ಮುಂದಿನ ಹತ್ತಿಯ ಅರ್ಜಿಯನ್ನು ಮಾನ್ಸಾಂಟೋ ಪಾಲುದಾರ ಕಂಪನಿ ವಾಪಸ್ ತೆಗೆದುಕೊಂಡಿತು. ಆಮೇಲೆ ಏನಾಯಿತು? ಅದೇ ಗುಣದ ಕಳ್ಳ ಬೀಜ ಬಂತು. ಬಿಲ್ಲಿಲ್ಲ, ಲಾಟ್ ನಂಬರ್ ಇಲ್ಲ, ಮೊಳೆಯದಿದ್ದರೆ ಕೇಳೋಕೆ ಯಾರೂ ಇಲ್ಲ. ನಾವು ಇನ್ನೂ 2006ರ ಬಿಜಿ-2 ಬಿತ್ತುತ್ತಾ ಕೂತಿದ್ದೇವೆ, ಹುಳ ಅದನ್ನು ಯಾವಾಗಲೋ ಅರಗಿಸಿಕೊಂಡಿದೆ.

ಹೊಳೆದಂಡೆ (ದೇವದುರ್ಗ)

ತಮ್ಮಾ, ಧಾರವಾಡದವರು 1972ರಲ್ಲೇ ವರಲಕ್ಷ್ಮಿ ಹತ್ತಿ ಕೊಟ್ಟರು. 1981ರಲ್ಲಿ ಡಿಸಿಎಚ್-32. ನಮ್ಮಪ್ಪ ಅದರಲ್ಲೇ ಅಕ್ಕನ ಮದುವೆ ಮಾಡಿದ. ಯಾವ ಪೇಟೆಂಟ್ ಇತ್ತು ಆಗ?

ಲ್ಯಾಬ್‌ನವ (ಬಳ್ಳಾರಿ, ಈಗ ಬೆಂಗಳೂರು)

ಆಗ ಸರ್ಕಾರ ದುಡ್ಡು ಹಾಕುತ್ತಿತ್ತು ಕಾಕಾ. ಈಗ ವಿಶ್ವವಿದ್ಯಾಲಯಗಳ ಗತಿ ನಿಮಗೇ ಗೊತ್ತು. ಸರ್ಕಾರಿ ಬಿಟಿಯೂ ಒಂದು ಬಂದಿತ್ತು, ಬಿಕಾನೇರಿ ನರ್ಮಾ ಬಿಟಿ. ನಾಗಪುರದ ಹತ್ತಿ ಸಂಸ್ಥೆ, ಧಾರವಾಡ ಕೃಷಿ ವಿಶ್ವವಿದ್ಯಾಲಯ ಸೇರಿ ಮಾಡಿದ್ದು. ಹೈಬ್ರಿಡ್ ಅಲ್ಲ, ಬೀಜ ಕಟ್ಟಿಟ್ಟುಕೊಂಡು ಮತ್ತೆ ಬಿತ್ತಬಹುದಿತ್ತು. 2009ರಲ್ಲಿ ಹೊಲಕ್ಕೆ ಬಂತು, ಒಂದೇ ಹಂಗಾಮಿಗೆ ನಿಂತಿತು. ಅದರಲ್ಲಿ ಮಾನ್ಸಾಂಟೋ ಜೀನ್ ಇದೆ ಅಂತ ಗೊತ್ತಾಗಿ, ಕೊನೆಗೆ ತನಿಖಾ ಸಮಿತಿಯ ವರದಿ 2012ರಲ್ಲಿ ಬಂತು.

ಕರಿಕೋಟು (ರಾಯಚೂರು)

ಈ ಹುಡುಗ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ನನಗೂ ಪೇಟೆಂಟ್ ಮೇಲೆ ಸಿಟ್ಟಿಲ್ಲ. ಸಿಟ್ಟಿರೋದು ನಿಯಮ ಮಾಡುವ ರೀತಿಯ ಮೇಲೆ. 2016ರ ಮೇ ತಿಂಗಳಲ್ಲಿ ಆದದ್ದು ಎಲ್ಲರಿಗೂ ಗೊತ್ತಿರಬೇಕು.

ಮೇ 18ಕ್ಕೆ ಕೃಷಿ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು. ಕುಲಾಂತರಿ ಹತ್ತಿಯ ಲೈಸೆನ್ಸ್ ಹೇಗೆ ಕೊಡಬೇಕು ಅಂತ. ಕೇಳಿದವರಿಗೆ ಇಲ್ಲ ಅನ್ನುವಂತಿಲ್ಲ. 30 ದಿನದಲ್ಲಿ ಕೊಡದಿದ್ದರೆ ಕೊಟ್ಟಂತೆಯೇ ಲೆಕ್ಕ. ಶುಲ್ಕ ಮೊದಲ ಐದು ವರ್ಷ ಬೀಜದ ಬೆಲೆಯ ಶೇ. 10 ದಾಟಬಾರದು, ಆರನೇ ವರ್ಷದಿಂದ ವರ್ಷ ವರ್ಷ ಇಳಿಯಬೇಕು. ಒಪ್ಪಂದದ ನಮೂನೆ ಕೂಡ ಸರ್ಕಾರದ್ದೇ. ರೈತನ ಕಡೆಯಿಂದ ನೋಡಿದರೆ ಹಬ್ಬ.

ವಾರ ತುಂಬುವಷ್ಟರಲ್ಲಿ ವಾಪಸ್! ಇದು ಬರೀ ಕರಡು, 90 ದಿನ ಅಭಿಪ್ರಾಯ ಕಳಿಸಿ ಅಂದರು. ಕರಡನ್ನು ಮೊದಲು ತೋರಿಸಿ ಆಮೇಲೆ ನಿಯಮ ಮಾಡೋದು ಪದ್ಧತಿ. ಇಲ್ಲಿ ಮೊದಲು ನಿಯಮ, ಆಮೇಲೆ ಕರಡು. ಅಡುಗೆ ಬಡಿಸಿ, ತಟ್ಟೆ ಕಿತ್ತುಕೊಂಡು, ಆಮೇಲೆ ಏನು ಮಾಡಲಿ ಅಂತ ಕೇಳಿದ ಹಾಗೆ.

ಅಭಿಪ್ರಾಯ ಕೇಳಿದ್ದು ತಪ್ಪಲ್ಲ, ಒಳ್ಳೆಯದೇ. ಮೊದಲೇ ಕೇಳಿದ್ದರೆ ಕಂಪನಿಯ ಆಕ್ಷೇಪಣೆಯೂ ನಮ್ಮ ಮಾತೂ ಒಂದೇ ಫೈಲಿನಲ್ಲಿ ಕೂರುತ್ತಿದ್ದವು. ಆ ಆರು ದಿನದಲ್ಲಿ ಯಾರು ಯಾರನ್ನು ಭೇಟಿಯಾದರು ಅನ್ನೋದು ಮಾನ್ವಿಯ ಹೊಲದಲ್ಲಿ ನಿಂತವನಿಗೆ ಹೇಗೆ ಕಾಣುತ್ತದೆ?

ಆ ಬಿಜಿ-2 ಪೇಟೆಂಟ್ ನಿಲ್ಲುತ್ತದೋ ಇಲ್ಲವೋ ಅನ್ನೋದೂ ಇತ್ಯರ್ಥ ಆಗಲಿಲ್ಲ. ನುಜಿವೀಡು ಬೀಜ ಕಂಪನಿ ಮತ್ತು ಮಾನ್ಸಾಂಟೋ ನಡುವಿನ ಕೇಸು. ನಮ್ಮ ಪೇಟೆಂಟ್ ಕಾಯ್ದೆಯ 3(ಜೆ) ಪ್ರಕಾರ ಗಿಡ, ಬೀಜಕ್ಕೆ ಪೇಟೆಂಟ್ ಇಲ್ಲ. ಜೀನ್ ಬೀಜದೊಳಗೆ ಕೂತ ಮೇಲೆ ಅದೂ ಬೀಜವೇ ಅಲ್ವಾ ಅನ್ನೋದು ವಾದ. 2018ರ ಏಪ್ರಿಲ್‌ನಲ್ಲಿ ದಿಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಹೌದು ಅಂದು ಪೇಟೆಂಟ್ ರದ್ದು ಮಾಡಿತು. 2019ರ ಜನವರಿ 8ಕ್ಕೆ ಸುಪ್ರೀಂ ಕೋರ್ಟ್ ಆ ತೀರ್ಪು ತೆಗೆದುಹಾಕಿ, ಸಾಕ್ಷ್ಯ ನೋಡಿ ವಿಚಾರಣೆ ಮಾಡಿ ಅಂತ ವಾಪಸ್ ಕಳಿಸಿತು. 2021ರಲ್ಲಿ ಎರಡೂ ಕಡೆಯವರು ರಾಜಿ ಆದರು. ದೊಡ್ಡವರ ಜಗಳ ಮುಗಿಯಿತು, ಪ್ರಶ್ನೆ ಹಾಗೇ ಉಳಿಯಿತು.

ಕೆಂಪುಚೀಟಿ (ಕುಷ್ಟಗಿ)

ಎಲ್ಲರೂ ಬಿತ್ತುವವರ ಮಾತು ಆಡುತ್ತಿದ್ದೀರಿ. ಆ ಬೀಜ ಮಾಡುವವರು ನಾವು, ನಮ್ಮದೂ ಸ್ವಲ್ಪ ಕೇಳಿ.

ನಮ್ಮ ಕಡೆ ಇದಕ್ಕೆ ಕ್ರಾಸಿಂಗ್ ಅಂತಾರೆ. ಮಧ್ಯಾಹ್ನ ಮೂರರ ಮೇಲೆ ಹೆಣ್ಣು ಸಾಲಿಗೆ ಇಳಿಯಬೇಕು. ನಾಳೆ ಅರಳುವ ಮೊಗ್ಗು ಯಾವುದು ಅಂತ ಕಣ್ಣಿಗೇ ಗೊತ್ತಾಗುತ್ತದೆ. ಹೆಬ್ಬೆರಳಿನ ಉಗುರಿನಿಂದ ಮೊಗ್ಗನ್ನು ಸುತ್ತಲೂ ಸೀಳಿ, ಗಂಡು ಕೇಸರವನ್ನು ಟೋಪಿ ತೆಗೆದ ಹಾಗೆ ತೆಗೆಯಬೇಕು. ನಡುವಿನ ಕಡ್ಡಿಗೆ ಉಗುರು ತಾಗಿದರೆ ಆ ಕಾಯಿ ಹೋಯಿತು. ಮೇಲೆ ಕೆಂಪು ಕಾಗದದ ಚೀಟಿ ಹಾಕುತ್ತೇವೆ. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು, ಚೀಟಿ ತೆಗೆದು, ಪರಾಗ ಸವರಬೇಕು. ಬಿಸಿಲು ಏರುವ ಮೊದಲೇ ಮುಗಿಸಬೇಕು. ಸಂಜೆ ಹೊಲ ನೋಡಿದರೆ ಜಾತ್ರೆ ಥರ ಕೆಂಪೋ ಕೆಂಪು. ಹಂಗಾಮು ಮುಗಿಯುವಷ್ಟರಲ್ಲಿ ನನ್ನ ಹೆಬ್ಬೆರಳಿನ ಉಗುರು ಕಪ್ಪಗಾಗಿರುತ್ತದೆ.

ತಳಿಯ ಹೆಸರು ನಮಗೆ ಹೇಳಲ್ಲ, ನಂಬರ್ ಅಷ್ಟೇ. ಬೀಜ ತಂದುಕೊಡೋದು ಆರ್ಗನೈಸರ್, ಕಂಪನಿಗೂ ನಮಗೂ ನಡುವಿನವನು. ಎರಡು ವರ್ಷದ ಹಿಂದೆ ನಮ್ಮ ಲಾಟ್ ಪರೀಕ್ಷೆಯಲ್ಲಿ ಫೇಲ್ ಅಂದರು. ವರದಿ ತೋರಿಸಿ ಅಂದರೆ ಕಂಪನಿಯ ಗುಟ್ಟು ಅಂದರು. ನಾನು ಸಹಿ ಹಾಕಿದ ಕಾಗದವೂ ಇಂಗ್ಲಿಷಿನಲ್ಲಿತ್ತು. ದುಡ್ಡು ಅರ್ಧಕ್ಕರ್ಧ ಕಟ್ ಆಯಿತು. ಹೆಸರು ಹೇಳಲ್ಲ, ಈ ವರ್ಷವೂ ಅವರ ಹತ್ತಿರವೇ ಮಾಡುತ್ತಿದ್ದೇವೆ.

ಅವರ ಗುಟ್ಟು ಕಾಯೋಕೆ ಕಾನೂನಿದೆ ಅಂತೀರಿ. ನನ್ನ ಲಾಟ್ ಯಾಕೆ ಫೇಲ್ ಆಯಿತು ಅನ್ನೋದೂ ಅವರ ಗುಟ್ಟೇ?

ಹೊಳೆದಂಡೆ (ದೇವದುರ್ಗ)

ಅಕ್ಕಾರೆ, ಇಷ್ಟು ಹೊತ್ತು ಬಂದದ್ದರಲ್ಲಿ ನಿಮ್ಮದೇ ಗಟ್ಟಿ ಮಾತು.

ಲ್ಯಾಬ್‌ನವ (ಬಳ್ಳಾರಿ, ಈಗ ಬೆಂಗಳೂರು)

ಇಲ್ಲ ಅಕ್ಕ, ಲಾಟ್ ಪರೀಕ್ಷೆಯ ಫಲಿತಾಂಶ ಗುಟ್ಟಾಗಿಡುವಂಥದ್ದೇನಲ್ಲ. ಶುದ್ಧತೆ ನೋಡೋಕೆ ಗಿಡ ಬೆಳೆಸಿ ಎಣಿಸುತ್ತಾರೆ, ನೂರಕ್ಕೆ ಇಷ್ಟು ಬೇರೆ ಗಿಡ ಅಂತ ಒಂದು ಅಂಕಿ ಬರುತ್ತದೆ. ಅದನ್ನು ಕೊಡೋದರಿಂದ ಯಾರ ತಳಿಯೂ ಕಳುವಾಗಲ್ಲ. ನಮ್ಮ ಕಡೆಯವರು ಹೀಗೆ ಹೇಳುತ್ತಾರೆ ಅಂತ ಕೇಳಿ ಬೇಜಾರಾಯಿತು.

ಕರಿಕೋಟು (ರಾಯಚೂರು)

ಅಕ್ಕ, ಆ ಕಾಗದದ ಫೋಟೋ ನನಗೆ ಪ್ರತ್ಯೇಕವಾಗಿ ಕಳಿಸಿ. ಇಲ್ಲಿ ಹಾಕಬೇಡಿ.

ಈಗ ಎರೆಹೊಲ ಅಣ್ಣನ ಮೂಲ ಪ್ರಶ್ನೆ, ಬರೆದರೆ ಆಗುತ್ತಾ. 2014ರಲ್ಲಿ ಕೇಂದ್ರ ಸರ್ಕಾರವೇ ಒಂದು ನೀತಿ ಮಾಡಿಕೊಂಡಿದೆ. ಕಾಯ್ದೆ, ನಿಯಮದ ಕರಡನ್ನು ಕನಿಷ್ಠ 30 ದಿನ ಜನರ ಮುಂದೆ ಇಡಬೇಕು, ಜೊತೆಗೆ ಸರಳ ಭಾಷೆಯಲ್ಲಿ ವಿವರಣೆ ಕೊಡಬೇಕು, ಬಂದ ಅಭಿಪ್ರಾಯಗಳ ಸಾರವನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಕಾನೂನಲ್ಲ, ನೀತಿ. ಮುರಿದರೆ ಶಿಕ್ಷೆ ಇಲ್ಲ. ಆದರೆ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಕಾನೂನೇ. ಜನರಿಗೆ ತಟ್ಟುವ ನೀತಿ ಮಾಡುವಾಗ ಎಲ್ಲ ಸಂಗತಿ ಪ್ರಕಟಿಸಬೇಕು, ತೀರ್ಮಾನ ತಟ್ಟಿದವರಿಗೆ ಕಾರಣ ಕೊಡಬೇಕು ಅಂತ ಅದರಲ್ಲಿದೆ. ಬೀಜದ ಬೆಲೆಗೆ ಇದು ಸರಿಯಾಗಿ ಹೊಂದುತ್ತದೆ.

ಕನ್ನಡದಲ್ಲಿ ಕೇಳೋದೂ ಅತಿಯಾಸೆ ಅಲ್ಲ. 2020ರಲ್ಲಿ ಪರಿಸರ ಪರಿಣಾಮದ ಕರಡು ಅಧಿಸೂಚನೆ ಬಂದಾಗ, ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗೂ ಅನುವಾದ ಮಾಡಿ ಅಂತ ದಿಲ್ಲಿ ಹೈಕೋರ್ಟ್ ಹೇಳಿತ್ತು.

ಈ ಸಲದ ಕರಡಿನಲ್ಲಿ ನೋಡಬೇಕಾದ್ದು ಮೂರ್ನಾಲ್ಕು. 1966ರ ಬೀಜ ಕಾಯ್ದೆಯ ಜಾಗಕ್ಕೆ ಇದು ಬರುತ್ತದೆ. ಮಾರುವ ತಳಿಗಳೆಲ್ಲ ನೋಂದಣಿ ಆಗಬೇಕು, ರೈತರ ತಳಿಗೆ ವಿನಾಯಿತಿ. ಪಾಕೀಟಿಗೆ ಕ್ಯೂಆರ್ ಕೋಡ್. ದೊಡ್ಡ ಅಪರಾಧಕ್ಕೆ 30 ಲಕ್ಷದವರೆಗೆ ದಂಡ, 3 ವರ್ಷದವರೆಗೆ ಜೈಲು. ಬೆಲೆ ವಿಪರೀತ ಏರಿದಾಗ, ಅಭಾವ ಆದಾಗ, ಏಕಸ್ವಾಮ್ಯದ ಬೆಲೆ ಕಂಡಾಗ ಮಾತ್ರ ಕೇಂದ್ರ ಬೆಲೆಗೆ ಕೈ ಹಾಕಬಹುದು. ನನಗೆ ಚುಚ್ಚೋದು ಇದೇ. ವಿಪರೀತ ಅಂದರೆ ಎಷ್ಟು, ಅದನ್ನು ಯಾರು ಯಾವ ಲೆಕ್ಕದಲ್ಲಿ ಹೇಳುತ್ತಾರೆ?

ಬೀಜದಂಗಡಿ (ಸಿಂಧನೂರು)

ಕ್ಯೂಆರ್ ಒಳ್ಳೆಯದೇ. ಆದರೆ ಜೂನ್‌ನಲ್ಲಿ ಮಳೆ ಬಿದ್ದ ದಿನ ಅಂಗಡಿ ಮುಂದೆ ಇನ್ನೂರು ಜನ ನಿಂತಿರುತ್ತಾರೆ, ನೆಟ್‌ವರ್ಕ್ ಒಂದು ಕಡ್ಡಿ. ಮತ್ತೆ ಸೀಲ್ ಒಡೆಯದ ಪಾಕೀಟು ಮೊಳೆಯದಿದ್ದರೆ ನನ್ನ ಮೇಲೆ ಯಾಕೆ ಕೇಸು? ಇದನ್ನೂ ಸೇರಿಸಿ ವಕೀಲ್ರೇ.

ಎರೆಹೊಲ (ಮಾನ್ವಿ)

ಸರಿ, ಬರೆದೆ. ನೋಡಿ ತಿದ್ದಿ. ಸುಮ್ನೆ ಬೈದು ಬರೆದಿಲ್ಲ.

"ಮಾನ್ಯರೇ, ನಾವು ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಯವರು. ಹತ್ತಿ ಬಿತ್ತುವವರು, ಹತ್ತಿ ಬೀಜ ಮಾಡುವವರು, ಮಾರುವವರು ಇದ್ದೇವೆ. ಬೀಜದ ಬೆಲೆ ನಿಗದಿಯಾದಾಗ ಅದರಲ್ಲಿ ಬೀಜಕ್ಕೆ ಎಷ್ಟು, ತಂತ್ರಜ್ಞಾನಕ್ಕೆ ಎಷ್ಟು, ಯಾಕೆ ಅಷ್ಟು ಎಂಬ ವಿವರ ಕ್ಯೂಆರ್ ಕೋಡ್ ಒತ್ತಿದರೆ ಕನ್ನಡದಲ್ಲಿ ಕಾಣಬೇಕು. ಪೇಟೆಂಟ್ ಇದ್ದರೆ ಅದು ಎಂದಿಗೆ ಮುಗಿಯುತ್ತದೆ ಎಂಬುದೂ ಅಲ್ಲೇ ಇರಬೇಕು. ಬೆಲೆ ವಿಪರೀತ ಎಂದು ತೀರ್ಮಾನಿಸುವ ಲೆಕ್ಕವನ್ನು ಕಾಯ್ದೆಯಲ್ಲೇ ಬರೆಯಿರಿ. ಬೀಜ ಉತ್ಪಾದನೆ ಮಾಡುವ ರೈತರಿಗೆ ಒಪ್ಪಂದದ ಪ್ರತಿ ಮತ್ತು ಲಾಟ್ ಪರೀಕ್ಷೆಯ ವರದಿ ಅವರ ಭಾಷೆಯಲ್ಲಿ ಸಿಗಬೇಕು. ಸೀಲ್ ಒಡೆಯದ ಪಾಕೀಟಿನ ದೋಷಕ್ಕೆ ತಯಾರಿಸಿದವರೇ ಹೊಣೆ. ಈ ಕರಡನ್ನು ಕನ್ನಡದಲ್ಲಿ ಪ್ರಕಟಿಸಿ, ಆ ದಿನದಿಂದ 30 ದಿನ ಕೊಡಿ. ನಮ್ಮ ಅಭಿಪ್ರಾಯಕ್ಕೆ ಏನು ಉತ್ತರ ಎಂದು ವೆಬ್‌ಸೈಟಿನಲ್ಲಿ ಹಾಕಿ."

ಕೆಂಪುಚೀಟಿ (ಕುಷ್ಟಗಿ)

ದುಡ್ಡು ಕಟ್ ಮಾಡುವ ಮೊದಲೇ ವರದಿ ಕೊಡಬೇಕು ಅಂತ ಸೇರಿಸಿ ಅಣ್ಣ. ಆಮೇಲೆ ಕೊಟ್ಟು ಏನು ಮಾಡಲಿ?

ಲ್ಯಾಬ್‌ನವ (ಬಳ್ಳಾರಿ, ಈಗ ಬೆಂಗಳೂರು)

ನನ್ನ ಹೆಸರೂ ಹಾಕಿ. ಶುಲ್ಕ ಇಳಿಸೋದಕ್ಕೆ ನನ್ನ ಒಪ್ಪಿಗೆ ಇಲ್ಲ, ಎಷ್ಟು ಅಂತ ತೋರಿಸೋದಕ್ಕೆ ಇದೆ. ಇಂಗ್ಲಿಷ್ ಪ್ರತಿ ನಾನು ಮಾಡಿ ಕೊಡುತ್ತೇನೆ, ಎರಡನ್ನೂ ಒಟ್ಟಿಗೆ ಕಳಿಸಿ.

ಕರಿಕೋಟು (ರಾಯಚೂರು)

ಚೆನ್ನಾಗಿದೆ. ಈಮೇಲ್‌ನಲ್ಲಿ ವರ್ಡ್ ಫೈಲ್ ಅಥವಾ ಪಿಡಿಎಫ್ ಕಳಿಸಿ. ಒಂದು ಸಂಶಯ, ಟೈಪ್ ಮಾಡಿಸಿದ್ದು ಎಲ್ಲಿ?

ಎರೆಹೊಲ (ಮಾನ್ವಿ)

ಬಸ್ ಸ್ಟ್ಯಾಂಡ್ ಹತ್ತಿರ ಡಿಟಿಪಿ ಅಂಗಡಿಯಲ್ಲಿ. ನುಡಿಯಲ್ಲಿ ಮಾಡಿಕೊಟ್ಟಿದ್ದಾನೆ.

ಕರಿಕೋಟು (ರಾಯಚೂರು)

ಹಳೆ ನುಡಿ ಫಾಂಟ್ ಆದರೆ ದಿಲ್ಲಿಯಲ್ಲಿ ತೆಗೆದಾಗ ಬರೀ ಗೆರೆ ಚುಕ್ಕೆ ಕಾಣುತ್ತದೆ. ಯೂನಿಕೋಡ್ ಮಾಡಿಸಿ.

ಎರೆಹೊಲ (ಮಾನ್ವಿ)

ಅಂಗಡಿ ಮುಚ್ಚಿದೆ. ನಾಳೆ ಆಳು ಬರ್ತೀವಿ ಅಂದಿದ್ದಾರೆ, ಹತ್ತಿ ಬಿಡಿಸೋದಿದೆ. ಸಂಜೆ ಹೋಗಿ ಮಾಡಿಸುತ್ತೇನೆ. ಇನ್ನೂ ಆರು ದಿನ ಇದೆಯಲ್ಲ.